ಕೊನೆ ಗೊತ್ತಿದ್ದೂ ಅತ್ತಿದ್ದು, ಗೊತ್ತಿಲ್ಲದೆ ಸಿಟ್ಟಾಗಿದ್ದು

ಪ್ರಶ್ನೆ: ಕಳೆದ ಎರಡು ತಿಂಗಳಲ್ಲಿ ಮೂರು ಕಾದಂಬರಿ ಓದಿದೆ. ಒಂದು ಪತ್ತೇದಾರಿ, ಒಂದು ಫ್ಯಾಂಟಸಿ, ಒಂದು ಐತಿಹಾಸಿಕ. ಪತ್ತೇದಾರಿಯನ್ನು ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದೆ, ಆದರೆ ಕೊನೆಗೆ ಸಿಟ್ಟು ಬಂತು. ಮಧ್ಯದಲ್ಲಿ ಪತ್ತೇದಾರನಿಗೆ ಒಂದು ಪತ್ರ ಸಿಗುತ್ತದೆ. ಓದಿ, ಮುಗುಳ್ನಕ್ಕು, ಜೇಬಿಗೆ ಹಾಕಿಕೊಳ್ಳುತ್ತಾನೆ. ಅದರಲ್ಲಿ ಏನಿತ್ತು ಅಂತ ನಮಗೆ ಗೊತ್ತಾಗುವುದು ಕೊನೆಯ ಅಧ್ಯಾಯದಲ್ಲಿ. ಫ್ಯಾಂಟಸಿಯಲ್ಲಿ ಮೊದಲ 140 ಪುಟ ಬರೀ ರಾಜವಂಶಗಳ ವಿವರ. ಮಂತ್ರ ಹಾಕಿದಾಗಲೆಲ್ಲ ತನ್ನದೊಂದು ನೆನಪನ್ನು ಕಳೆದುಕೊಳ್ಳುವ ಮುದುಕಿಯೊಬ್ಬಳು ಬರುತ್ತಾಳೆ, ಅವಳು ತುಂಬಾ ಹಿಡಿಸಿದಳು. ಆದರೆ ಕೊನೆಯ ಯುದ್ಧದಲ್ಲಿ ನಾಯಕನಿಗೆ ಎಲ್ಲಿಂದಲೋ ಹೊಸ ಶಕ್ತಿ ಬಂದುಬಿಡುತ್ತದೆ. ಐತಿಹಾಸಿಕ ಕಾದಂಬರಿಯಲ್ಲಿ ರಾಜ ಸೋಲುತ್ತಾನೆ ಅಂತ ನನಗೆ ಮೊದಲೇ ಗೊತ್ತಿತ್ತು. ರಾಣಿಯ ಮಾತು ಈ ಕಾಲದವರ ಮಾತಿನ ಹಾಗಿತ್ತು. ಆದರೂ ಕೊನೆಯಲ್ಲಿ ಅತ್ತುಬಿಟ್ಟೆ. ಗೊತ್ತಿಲ್ಲದ ಕೊನೆಗೆ ಸಿಟ್ಟು, ಗೊತ್ತಿದ್ದ ಕೊನೆಗೆ ಅಳು, ಇದು ಹೇಗೆ? ಇಂಥ ಪುಸ್ತಕಗಳ ಬಗ್ಗೆ ಅಭಿಪ್ರಾಯ ಬರೆಯುವಾಗ ಏನನ್ನು ನೋಡಬೇಕು? "ಇವೆಲ್ಲ ಟೈಂಪಾಸ್ ಪುಸ್ತಕ, ಅಷ್ಟೆಲ್ಲ ಯೋಚನೆ ಯಾಕೆ" ಅಂತ ಗೆಳತಿ ಹೇಳುತ್ತಾಳೆ. ಫ್ಯಾಂಟಸಿಯ ಎರಡನೇ ಭಾಗ ಓದಬೇಕಾ, ಬೇಡವಾ?

ಉತ್ತರ: ನಿಮ್ಮ ಗೆಳತಿಯ ಮಾತಿನಿಂದಲೇ ಶುರು ಮಾಡುತ್ತೇನೆ. ಒಂದು ಪುಸ್ತಕ ನಿಮ್ಮನ್ನು ರಾತ್ರಿಯಿಡೀ ಎಚ್ಚರ ಇರಿಸಿದೆ. ಇನ್ನೊಂದು ಅಳಿಸಿದೆ. ಕಾಗದದ ಮೇಲಿನ ಅಕ್ಷರಗಳಿಂದ ಇಷ್ಟು ಆಗುತ್ತದೆ ಅಂದರೆ ಅದು ಹೇಗಾಯಿತು ಅಂತ ಕೇಳಲೇಬೇಕಲ್ವಾ? ನೀವು ಪುಸ್ತಕಗಳ ಹೆಸರನ್ನೂ ಬರೆದಿದ್ದೀರಿ. ಇಲ್ಲಿ ಅವನ್ನು ಬಿಟ್ಟಿದ್ದೇನೆ. ಮುಂದೆ ಅವುಗಳ ಗುಟ್ಟಿನ ಬಗ್ಗೆಯೇ ಮಾತಾಡಬೇಕು, ಇನ್ನೂ ಓದದವರಿಗೆ ಅನ್ಯಾಯ ಆಗಬಾರದು.

ನಿಮ್ಮ ಮೂರೂ ಅನುಭವಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಮೂರರಲ್ಲೂ ನೀವು ಎತ್ತಿದ ಮಾತು ಒಂದೇ: ಯಾರಿಗೆ ಏನು ಗೊತ್ತು, ಯಾವಾಗ ಗೊತ್ತಾಯಿತು. ಪತ್ತೇದಾರಿ ಕಾದಂಬರಿಯಲ್ಲಿ ಉತ್ತರ ಲೇಖಕರ ಹತ್ತಿರ ಇದೆ. ನಮ್ಮ ಹತ್ತಿರ ಇಲ್ಲ, ಆದರೆ ಗಮನ ಇಟ್ಟು ಓದಿದರೆ ಸಿಗುವ ಹಾಗಿರಬೇಕು. ಫ್ಯಾಂಟಸಿಯಲ್ಲಿ ಲೇಖಕರು ಹೇಳದೆ ನಮಗೆ ಏನೂ ಗೊತ್ತಾಗುವ ದಾರಿಯೇ ಇಲ್ಲ. ಆ ಲೋಕದಲ್ಲಿ ಸೂರ್ಯ ಎಷ್ಟು ಅನ್ನುವುದನ್ನೂ ಅವರೇ ಹೇಳಬೇಕು. ಐತಿಹಾಸಿಕ ಕಾದಂಬರಿಯಲ್ಲಿ ಇದು ತಿರುಗಾಮುರುಗಾ. ಮುಂದೆ ಆಗುವುದು ನಮಗೆ ಗೊತ್ತು, ಪಾತ್ರಗಳಿಗೆ ಗೊತ್ತಿಲ್ಲ. ಸ್ಥಿತಿ ಇಷ್ಟು ಬೇರೆ ಬೇರೆ ಇರುವಾಗ "ಕೊನೆ ಊಹಿಸೋಕೆ ಆಯ್ತಾ" ಅನ್ನುವ ಒಂದೇ ಅಳತೆಗೋಲು ಹಿಡಿದರೆ ಲೆಕ್ಕ ತಪ್ಪುತ್ತದೆ.

ಮೊದಲು ಆ ಪತ್ರ. ನಿಮ್ಮ ಸಿಟ್ಟು ಪೂರ್ತಿ ಸರಿ. ಈ ಸಿಟ್ಟು ಹಳೆಯದು ಕೂಡ. ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ಕ್ಯಾಥೊಲಿಕ್ ಪಾದ್ರಿ, ಸ್ವತಃ ಪತ್ತೇದಾರಿ ಕಾದಂಬರಿಗಳನ್ನು ಬರೆದವರು. 1929ರಲ್ಲಿ ಅವರು ಈ ಪ್ರಕಾರಕ್ಕೆ ಹತ್ತು ನಿಯಮ ಬರೆದರು. ಅಪರಾಧಿ ಕಥೆಯ ಆರಂಭದಲ್ಲೇ ಕಾಣಿಸಿಕೊಂಡಿರಬೇಕು. ಗುಪ್ತ ದಾರಿ ಒಂದಕ್ಕಿಂತ ಜಾಸ್ತಿ ಇರಬಾರದು. ಮುನ್ಸೂಚನೆ ಇಲ್ಲದೆ ಅವಳಿ ಸೋದರರು ಬರಬಾರದು. ಪತ್ತೇದಾರನಿಗೆ ಸಿಕ್ಕಿದ ಸುಳಿವು ಕೂಡಲೇ ಓದುಗರ ಕಣ್ಣಿಗೂ ಬೀಳಬೇಕು. ಈ ಕೊನೆಯದು ಪಟ್ಟಿಯಲ್ಲಿ ಎಂಟನೆಯ ನಿಯಮ. ನಿಮ್ಮ ಪುಸ್ತಕ ಎಡವಿದ್ದು ಸರಿಯಾಗಿ ಅಲ್ಲೇ.

ಆದರೆ ತೀರ್ಪು ಕೊಡುವ ಮೊದಲು ಇನ್ನೊಂದು ವಿಷಯ ನೋಡಿ. ಕಥೆ ಯಾರ ಕಣ್ಣಿನಿಂದ ನಡೆಯುತ್ತಿದೆ? ಎಡ್ಗರ್ ಅಲನ್ ಪೋ 1841ರಲ್ಲಿ ತಮ್ಮ ಮೊದಲ ಪತ್ತೇದಾರಿ ಕಥೆಯನ್ನು ಬರೆದಾಗಲೇ, ಅದನ್ನು ಪತ್ತೇದಾರನ ಬಾಯಿಂದ ಹೇಳಿಸದೆ ಅವನ ಗೆಳೆಯನಿಂದ ಹೇಳಿಸಿದರು. ಪತ್ತೇದಾರ ಷರ್ಲಾಕ್ ಹೋಮ್ಸ್ ಜೊತೆ ಗೆಳೆಯ ವಾಟ್ಸನ್ ಇರುವುದೂ ಇದಕ್ಕೇ. ಗೆಳೆಯ ಎಲ್ಲವನ್ನೂ ನೋಡುತ್ತಾನೆ, ಆದರೆ ಅದರ ಅರ್ಥ ಅವನಿಗೆ ಹೊಳೆಯುವುದಿಲ್ಲ. ಹಾಗಾಗಿ ಸುಳಿವು ನಮಗೂ ಸಿಗುತ್ತದೆ, ಗುಟ್ಟೂ ಉಳಿಯುತ್ತದೆ. ನಿಮ್ಮ ಪುಸ್ತಕದಲ್ಲಿ ಕಥೆ ಸಹಾಯಕನದಾಗಿದ್ದು, ಪತ್ರ ಅವನ ಕೈಗೇ ಬಂದಿರದಿದ್ದರೆ ಲೇಖಕರಿಗೆ ಅರ್ಧ ಮಾಫಿ ಕೊಡಬಹುದು. ಆದರೆ ಕಥೆ ಪತ್ತೇದಾರನ ತಲೆಯೊಳಗಿಂದಲೇ ನಡೆದಿದ್ದರೆ ಮಾಫಿ ಇಲ್ಲ. ಅವನ ಬೆನ್ನುನೋವು, ಹಳೆಯ ಪ್ರೀತಿ, ಮಳೆಯ ಬಗ್ಗೆ ಅವನ ಬೇಸರ ಎಲ್ಲವನ್ನೂ ನಮಗೆ ಹೇಳಿ ಪತ್ರದಲ್ಲಿದ್ದ ನಾಲ್ಕು ಸಾಲನ್ನು ಮಾತ್ರ ಮುಚ್ಚಿಟ್ಟರೆ ಅದು ಮೋಸವೇ.

ಕಣ್ಣೆದುರಿಗೇ ಅಡಗಿಸುವುದು ಅಂದರೆ ಏನು ಅಂತ ನೋಡಬೇಕಾದರೆ ಆರ್ಥರ್ ಕಾನನ್ ಡಾಯ್ಲ್ 1892ರಲ್ಲಿ ಬರೆದ 'ಸಿಲ್ವರ್ ಬ್ಲೇಜ್' ಕಥೆ ಓದಿ. ಲಾಯದಿಂದ ಒಂದು ರೇಸ್ ಕುದುರೆ ರಾತ್ರಿ ಕಾಣೆಯಾಗುತ್ತದೆ. ಅಲ್ಲಿ ನಾಯಿ ಇತ್ತು. ಅದು ಬೊಗಳಲಿಲ್ಲ. ಇಷ್ಟು ನಮಗೂ ಗೊತ್ತು, ಪೊಲೀಸರಿಗೂ ಗೊತ್ತು. ಬೊಗಳಲಿಲ್ಲ ಅಂದರೆ ಬಂದವನು ನಾಯಿಗೆ ಪರಿಚಯದವನು ಅಂತ ಯೋಚಿಸಿದ್ದು ಹೋಮ್ಸ್ ಮಾತ್ರ. ಓದಿದ ಮೇಲೆ ಸಿಟ್ಟು ಬರುವುದಿಲ್ಲ, "ಅಯ್ಯೋ, ನನಗೆ ಹೊಳೆಯಬೇಕಿತ್ತು" ಅನಿಸುತ್ತದೆ. ನಾನು ಕಾಯುವುದು ಆ 'ಅಯ್ಯೋ'ಗೆ. ಪತ್ತೇದಾರಿ ಕಾದಂಬರಿ ಗೆದ್ದಿದೆಯಾ ಅಂತ ತಿಳಿಯೋಕೆ ನನಗೆ ಇದಕ್ಕಿಂತ ಒಳ್ಳೆಯ ಗುರುತು ಸಿಕ್ಕಿಲ್ಲ.

ಅಗಾಥಾ ಕ್ರಿಸ್ಟಿಯವರ 'ದಿ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್' 1926ರಲ್ಲಿ ಬಂದಾಗ ಅದು ಮೋಸ ಅಂದವರಿದ್ದರು. ಅದರ ಗುಟ್ಟು ಹೇಳುವುದಿಲ್ಲ. ಎರಡನೇ ಸಲ ಓದಿದರೆ ಒಂದು ವಾಕ್ಯವೂ ಸುಳ್ಳಲ್ಲ ಅನ್ನುವುದು ಕಾಣುತ್ತದೆ. ನಾವೇ ವಾಕ್ಯಗಳ ನಡುವಿನ ಸಂದನ್ನು ದಾಟಿ ಓಡಿರುತ್ತೇವೆ. ಅದಕ್ಕೇ ನಾನು ಪತ್ತೇದಾರಿ ಕಾದಂಬರಿ ಮುಗಿದ ಕೂಡಲೇ ಮೊದಲ ಮೂರು ಅಧ್ಯಾಯವನ್ನು ಮತ್ತೆ ಓದುತ್ತೇನೆ. ಒಳ್ಳೆಯ ಪುಸ್ತಕವಾದರೆ ಎರಡನೇ ಓದು ಮೊದಲನೆಯದಕ್ಕಿಂತ ರುಚಿ. ನೀವೂ ಹಾಗೆ ಮಾಡಿ ನೋಡಿ. ಜೊತೆಗೆ ಒಂದು ಪರೀಕ್ಷೆ: ಪತ್ರ ಸಿಕ್ಕಿದ ಪುಟದಲ್ಲೇ ಅದರ ನಾಲ್ಕು ಸಾಲನ್ನು ನಮಗೆ ತೋರಿಸಿದ್ದರೆ ಕಥೆ ಉಳಿಯುತ್ತಿತ್ತಾ? ಉಳಿಯುತ್ತಿತ್ತು ಅನಿಸಿದರೆ ಲೇಖಕರು ಅನಾವಶ್ಯಕವಾಗಿ ಹೆದರಿದ್ದಾರೆ. ಅಲ್ಲಿಗೇ ಮುಗಿದುಹೋಗುತ್ತಿತ್ತು ಅಂತಾದರೆ ಇಡೀ ಪುಸ್ತಕ ಒಂದು ಜೇಬಿನ ಮೇಲೆ ನಿಂತಿತ್ತು.

ಒಂದೇ ರಾತ್ರಿಯಲ್ಲಿ ಓದಿಸಿಕೊಂಡಿತು ಅನ್ನುವುದನ್ನೂ ಬರೆಯಿರಿ, ಮರೆಯಬೇಡಿ. ಓಟ ಕೂಡ ಒಂದು ಗುಣ. ಇನ್ನೊಂದು ಮಾತು, ಈ ನಿಯಮಗಳು ಒಗಟಿನ ಮಾದರಿಯ ಕಾದಂಬರಿಗೆ ಮಾತ್ರ. ಆಸ್ಟಿನ್ ಫ್ರೀಮನ್ 1912ರ 'ದಿ ಸಿಂಗಿಂಗ್ ಬೋನ್' ಕಥೆಗಳಲ್ಲಿ ಅಪರಾಧಿಯನ್ನು ಮೊದಲೇ ತೋರಿಸಿ, ಅವನು ಹೇಗೆ ಸಿಕ್ಕಿಬೀಳುತ್ತಾನೆ ಅನ್ನುವುದನ್ನು ಆಮೇಲೆ ಹೇಳಿದರು. ಯಾರು ಅಂತ ಗೊತ್ತಿದ್ದೂ ಪುಟ ತಿರುಗುತ್ತದೆ. ಕುತೂಹಲಕ್ಕೆ ಕತ್ತಲೆಯೇ ಬೇಕು ಅಂತೇನಿಲ್ಲ.

ಈಗ ಫ್ಯಾಂಟಸಿ. ಮುದುಕಿ ಹಿಡಿಸಿದಳು, ನಾಯಕನ ಹೊಸ ಶಕ್ತಿ ಹಿಡಿಸಲಿಲ್ಲ ಅಂದಿರಿ. ಈ ಎರಡೂ ಒಂದೇ ಅಭಿಪ್ರಾಯದ ಎರಡು ಮುಖ. ಅದನ್ನು ಗುರುತಿಸಿದರೆ ನಿಮ್ಮ ಬರಹಕ್ಕೆ ಬೆನ್ನೆಲುಬು ಸಿಕ್ಕಿತು.

'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಟೋಲ್ಕಿನ್ 1939ರಲ್ಲಿ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಮಾಯಾಕಥೆಗಳ ಬಗ್ಗೆ ಒಂದು ಉಪನ್ಯಾಸ ಕೊಟ್ಟರು. ಅದರ ಒಂದು ಮಾತಿನ ಸಾರ ಇದು: ಕಥೆಗಾರ ಇನ್ನೊಂದು ಲೋಕವನ್ನು ಕಟ್ಟುತ್ತಾನೆ, ಅಲ್ಲಿ ನಡೆಯುವುದು ಆ ಲೋಕದ ನಿಯಮಕ್ಕೆ ಹೊಂದಿಕೊಂಡಿದ್ದರೆ ಒಳಗಿರುವ ತನಕ ನಾವು ನಂಬುತ್ತೇವೆ. ನಂಬಿಕೆ ಒಡೆದ ಕ್ಷಣ ಮಾಯೆ ಹೋಯಿತು, ನಾವು ಹೊರಗೆ ಬಂದು ನಿಂತಿರುತ್ತೇವೆ. ಕೊನೆಯ ಯುದ್ಧದಲ್ಲಿ ನಿಮಗೆ ಆಗಿದ್ದು ಇದೇ.

ಇದಕ್ಕೆ ನಮಗೆ ದೂರದ ಉದಾಹರಣೆ ಬೇಕಿಲ್ಲ. ಹಿರಣ್ಯಕಶಿಪುವಿನ ವರ ನೆನಪಿಸಿಕೊಳ್ಳಿ. ಹಗಲಲ್ಲಿ ಅಲ್ಲ, ರಾತ್ರಿಯಲ್ಲಿ ಅಲ್ಲ. ಒಳಗೆ ಅಲ್ಲ, ಹೊರಗೆ ಅಲ್ಲ. ಮನುಷ್ಯನಿಂದ ಅಲ್ಲ, ಮೃಗದಿಂದ ಅಲ್ಲ. ಆಯುಧದಿಂದ ಅಲ್ಲ. ನಿಯಮ ಪೂರ್ತಿ ನಮ್ಮ ಮುಂದಿದೆ. ಇವನನ್ನು ಕೊಲ್ಲಲು ಸಾಧ್ಯವೇ ಇಲ್ಲ ಅಂತ ನಾವೂ ಒಪ್ಪಿಕೊಂಡಿರುತ್ತೇವೆ. ಆಮೇಲೆ ಮುಸ್ಸಂಜೆ ಬರುತ್ತದೆ, ಹೊಸ್ತಿಲು ಬರುತ್ತದೆ, ಕಂಬ ಒಡೆದು ನರಸಿಂಹ ಬರುತ್ತಾನೆ, ಉಗುರು ಬರುತ್ತದೆ. ಒಂದು ನಿಯಮವೂ ಮುರಿಯಲಿಲ್ಲ. ನರಸಿಂಹನ ಬದಲು ವಿಷ್ಣು ಸುಮ್ನೆ ಬಂದು "ವರ ರದ್ದಾಯಿತು" ಅಂದಿದ್ದರೆ ಈ ಕಥೆಯನ್ನು ಇಷ್ಟು ತಲೆಮಾರು ಯಾರೂ ಹೇಳುತ್ತಿರಲಿಲ್ಲ. ಭಸ್ಮಾಸುರನದೂ ಹೀಗೆಯೇ. ಅವನು ಕೇಳಿ ಪಡೆದ ಶಕ್ತಿಯೇ ಅವನ ತಲೆಯ ಮೇಲೆ ಕೈ ಇಟ್ಟಿತು. ಇಂಥ ಕಥೆಗಳನ್ನು ಕೇಳಿ ಬೆಳೆದವರಿಗೆ ಫ್ಯಾಂಟಸಿಯ ನ್ಯಾಯ ಅನ್ಯಾಯ ಚೆನ್ನಾಗಿಯೇ ಗೊತ್ತಾಗುತ್ತದೆ. ನಿಮ್ಮ ಅಸಮಾಧಾನವನ್ನು ಧೈರ್ಯವಾಗಿ ನಂಬಿ.

ಈ ಕಾಲದ ಫ್ಯಾಂಟಸಿ ಲೇಖಕ ಬ್ರ್ಯಾಂಡನ್ ಸ್ಯಾಂಡರ್‌ಸನ್ 2007ರ ಒಂದು ಲೇಖನದಲ್ಲಿ ಇದನ್ನು ನಿಯಮದ ರೂಪದಲ್ಲೇ ಇಟ್ಟರು. ಮಂತ್ರದಿಂದ ಸಮಸ್ಯೆ ಬಗೆಹರಿಸಬೇಕಾದರೆ ಆ ಮಂತ್ರ ಓದುಗರಿಗೆ ಮೊದಲೇ ಅರ್ಥವಾಗಿರಬೇಕು, ಎಷ್ಟು ಅರ್ಥವಾಗಿದೆಯೋ ಅಷ್ಟು ಮಾತ್ರ ಬಳಸಬಹುದು ಅನ್ನುವುದು ಅವರ ವಾದ. ಇದರ ಇನ್ನೊಂದು ಬದಿಯನ್ನೂ ಮರೆಯಬಾರದು. ಸಮಸ್ಯೆ ಬಗೆಹರಿಸಲು ಬಳಸದ ಮಾಯೆ ನಿಗೂಢವಾಗಿಯೇ ಇರಬಹುದು. ಎಲ್ಲವನ್ನೂ ವಿವರಿಸಿದರೆ ಫ್ಯಾಂಟಸಿ ಯಂತ್ರದ ಕೈಪಿಡಿಯ ಹಾಗಾಗುತ್ತದೆ.

ನಿಮ್ಮ ಮುದುಕಿಯ ವಿಷಯದಲ್ಲಿ ನಿಯಮಕ್ಕಿಂತ ದೊಡ್ಡದೊಂದು ಇದೆ, ಬೆಲೆ. ಉರ್ಸುಲಾ ಲೆ ಗ್ವಿನ್ ಅವರ 1968ರ 'ಎ ವಿಜರ್ಡ್ ಆಫ್ ಅರ್ಥ್‌ಸೀ'ಯಲ್ಲಿ ಒಂದು ವಸ್ತುವಿನ ನಿಜವಾದ ಹೆಸರು ಗೊತ್ತಿದ್ದರೆ ಅದರ ಮೇಲೆ ಹಿಡಿತ ಸಿಗುತ್ತದೆ. ಆದರೆ ಒಂದು ದ್ವೀಪದಲ್ಲಿ ಮಳೆ ತರಿಸಿದರೆ ಇನ್ನೊಂದರಲ್ಲಿ ಬರ ಬರಬಹುದು. ಹುಡುಗನೊಬ್ಬ ಜಂಭಕ್ಕೆ ಬಿದ್ದು ಮಂತ್ರ ಹಾಕುತ್ತಾನೆ, ಒಂದು ನೆರಳನ್ನು ಲೋಕಕ್ಕೆ ಬಿಟ್ಟುಬಿಡುತ್ತಾನೆ, ಆಮೇಲೆ ಇಡೀ ಪುಸ್ತಕದಲ್ಲಿ ಅದಕ್ಕೆ ಬೆಲೆ ತೆರುತ್ತಾನೆ. ನಿಮ್ಮ ಮುದುಕಿಯೂ ಪ್ರತಿ ಸಲ ಬಾಯಿ ತೆರೆದಾಗ ಏನೋ ಒಂದನ್ನು ಕಳೆದುಕೊಳ್ಳುತ್ತಾಳೆ. ಅದಕ್ಕೇ ಅವಳು ಮಂತ್ರ ಹಾಕುವಾಗ ನಿಮ್ಮ ಉಸಿರು ಬಿಗಿಯಾಯಿತು. ನಾಯಕ ಏನನ್ನೂ ಕಳೆದುಕೊಳ್ಳಲಿಲ್ಲ, ಅವನು ಗೆದ್ದಿದ್ದೂ ನಿಮಗೆ ತಟ್ಟಲಿಲ್ಲ.

ಆ 140 ಪುಟದ ಬಗ್ಗೆ ಸ್ವಲ್ಪ ತಾಳ್ಮೆಯಿಂದ ಯೋಚಿಸಬೇಕು, ಯಾಕೆಂದರೆ ನಿಧಾನವಾಗಿರುವುದೆಲ್ಲ ತಪ್ಪಲ್ಲ. ಉಂಬೆರ್ಟೊ ಎಕೊ ಅವರ 'ದಿ ನೇಮ್ ಆಫ್ ದಿ ರೋಸ್' 1980ರಲ್ಲಿ ಬಂತು. 1327ರ ಕ್ರೈಸ್ತ ಮಠದಲ್ಲಿ ನಡೆಯುವ ಕೊಲೆಗಳ ಕಥೆ ಅದು, ಐತಿಹಾಸಿಕವೂ ಹೌದು, ಪತ್ತೇದಾರಿಯೂ ಹೌದು. ಮೊದಲ ನೂರು ಪುಟ ಕಡಿಮೆ ಮಾಡಿ ಅಂತ ಗೆಳೆಯರು, ಸಂಪಾದಕರು ಹೇಳಿದಾಗ ಎಕೊ ಒಪ್ಪಲಿಲ್ಲ. ಮಠಕ್ಕೆ ಬಂದು ಇರಬೇಕಾದವರು ಮಠದ ನಡಿಗೆಗೆ ಹೊಂದಿಕೊಳ್ಳಲೇಬೇಕು ಅನ್ನುವುದು ಅವರ ನಿಲುವು. ಆ ನೂರು ಪುಟದಲ್ಲಿ ನಮ್ಮ ಉಸಿರಾಟ ನಿಧಾನವಾಗುತ್ತದೆ, ಆಮೇಲಿನ ಭಯಕ್ಕೆ ಅದೇ ನೆಲ. ಅದೇ ಟೋಲ್ಕಿನ್ ವಿಷಯ ನೋಡಿ. ಅವರ ಹತ್ತಿರ ರಾಜವಂಶ, ಕಾಲಗಣನೆ, ಭಾಷೆ, ಲಿಪಿ ಎಲ್ಲವೂ ರಾಶಿ ಇತ್ತು. 'ದಿ ಲಾರ್ಡ್ ಆಫ್ ದಿ ರಿಂಗ್ಸ್'ನಲ್ಲಿ ಅದರ ಬಹುಪಾಲನ್ನು ಅವರು ಇಟ್ಟಿದ್ದು ಮೂರನೇ ಸಂಪುಟದ ಕೊನೆಯ ಅನುಬಂಧದಲ್ಲಿ, 1955ರಲ್ಲಿ. ಅಷ್ಟು ಹೊತ್ತಿಗೆ ಓದುಗರಿಗೆ ಆ ರಾಜರ ಮೇಲೆ ಪ್ರೀತಿ ಬಂದಿರುತ್ತದೆ, ತಾವಾಗಿಯೇ ಹುಡುಕಿ ಓದುತ್ತಾರೆ. ನಿಮ್ಮ ಲೇಖಕರು ಪ್ರೀತಿ ಹುಟ್ಟುವ ಮೊದಲೇ ವಂಶವೃಕ್ಷ ಕೊಟ್ಟರು. ಆ 140 ಪುಟದಲ್ಲಿ ಮುಂದೆ ನಿಮಗೆ ಯಾವುದಾದರೂ ಒಂದು ಹೆಸರು ಕೆಲಸಕ್ಕೆ ಬಂತಾ? ಬಂದಿದ್ದರೆ ಅದು ಯಾವುದು ಅಂತ ಬರೆಯಿರಿ. ಬರದಿದ್ದರೆ ಅದನ್ನೂ ಬರೆಯಿರಿ.

ನೀವು ಅತ್ತ ಪುಸ್ತಕಕ್ಕೆ ಬರುತ್ತೇನೆ. ಇದರ ಬಗ್ಗೆ ಹೇಳುವುದು ಜಾಸ್ತಿ ಇದೆ.

ತ.ರಾ. ಸುಬ್ಬರಾಯರ 'ದುರ್ಗಾಸ್ತಮಾನ'ದ ಹೆಸರು ನೋಡಿ. ಕೊನೆ ಏನು ಅಂತ ರಕ್ಷಾಪುಟದಲ್ಲೇ ಹೇಳಿಬಿಟ್ಟಿದ್ದಾರೆ. 1779ರಲ್ಲಿ ಹೈದರಾಲಿಯ ಕೈಗೆ ಚಿತ್ರದುರ್ಗ ಬೀಳುತ್ತದೆ, ಮದಕರಿ ನಾಯಕ ಸೋಲುತ್ತಾನೆ. ಪುಸ್ತಕ ಕೈಗೆತ್ತಿಕೊಳ್ಳುವಾಗಲೇ ನಮಗೆ ಇದು ಗೊತ್ತು. ಹೀಗಿದ್ದೂ 1982ರಿಂದ ಇವತ್ತಿನವರೆಗೆ ಜನ ಅದನ್ನು ಓದುತ್ತಲೇ ಇದ್ದಾರೆ. ಮಾಸ್ತಿಯವರ 'ಚಿಕವೀರ ರಾಜೇಂದ್ರ'ದಲ್ಲೂ ಹಾಗೆಯೇ. 1834ರಲ್ಲಿ ಕೊಡಗು ಇಂಗ್ಲಿಷರ ಪಾಲಾಯಿತು ಅನ್ನುವುದು ಇತಿಹಾಸ ಓದಿದವರಿಗೆಲ್ಲ ಗೊತ್ತು. ಇವುಗಳಲ್ಲಿ ನಾವು 'ಏನಾಗುತ್ತದೆ' ಅಂತ ಕೇಳುವುದಿಲ್ಲ. ಯಾವ ಹಂತದಲ್ಲಿ ಇದನ್ನು ತಪ್ಪಿಸಬಹುದಿತ್ತು, ಯಾರು ಆ ಹೊತ್ತಿಗೆ ಬೇರೆ ಮಾತಾಡಿದ್ದರೆ ಸಾಕಿತ್ತು ಅಂತ ಪ್ರತಿ ಪುಟದಲ್ಲೂ ಹುಡುಕುತ್ತಿರುತ್ತೇವೆ. ಪಾತ್ರ ನಗುನಗುತ್ತಾ ಮುಂದಿನ ವರ್ಷದ ಮಾತಾಡುತ್ತದೆ, ಅವನಿಗೆ ಮುಂದಿನ ವರ್ಷ ಇಲ್ಲ ಅಂತ ನಮಗೆ ಗೊತ್ತು. ಎಚ್ಚರಿಸೋಣ ಅಂದರೆ ದಾರಿ ಇಲ್ಲ. ನಿಮ್ಮ ಅಳು ಬಂದಿದ್ದು ಅಲ್ಲಿಂದ.

ಇದನ್ನು ಸಾಧಿಸುವುದು ಕಷ್ಟ. ಲೇಖಕರಿಗೂ ಕೊನೆ ಗೊತ್ತಿರುತ್ತದಲ್ಲ, ಅದು ಪಾತ್ರಗಳ ಬಾಯಿಗೆ ಸೋರಿಬಿಡುತ್ತದೆ. "ಈ ದಿನವನ್ನು ಇತಿಹಾಸ ಮರೆಯುವುದಿಲ್ಲ" ಅಂತ ಸೈನಿಕನೊಬ್ಬ ಯುದ್ಧದ ಬೆಳಿಗ್ಗೆಯೇ ಹೇಳಿದರೆ ನಾನು ಪುಸ್ತಕದ ಅಂಚಿನಲ್ಲಿ ಗುರುತು ಹಾಕುತ್ತೇನೆ. ಅವನಿಗೆ ಆ ಬೆಳಿಗ್ಗೆ ಗೊತ್ತಿದ್ದುದು ಚಳಿ, ಹಸಿವು, ಭಯ. ಹಿಲರಿ ಮ್ಯಾಂಟೆಲ್, ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯ ಮಂತ್ರಿಯಾಗಿದ್ದ ಥಾಮಸ್ ಕ್ರಾಮ್‌ವೆಲ್ ಬಗ್ಗೆ ಮೂರು ಸಂಪುಟ ಬರೆದರು. 2009ರ 'ವುಲ್ಫ್ ಹಾಲ್' ಅದರಲ್ಲಿ ಮೊದಲನೆಯದು. ಕ್ರಾಮ್‌ವೆಲ್‌ಗೆ 1540ರಲ್ಲಿ ಮರಣದಂಡನೆ ಆಯಿತು, ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಮ್ಯಾಂಟೆಲ್ ಅದನ್ನು ವರ್ತಮಾನ ಕಾಲದ ಕ್ರಿಯಾಪದಗಳಲ್ಲಿ ಬರೆದರು. ಅವನು ಬರುತ್ತಾನೆ, ನೋಡುತ್ತಾನೆ, ಯೋಚಿಸುತ್ತಾನೆ. ಕಥೆ ಅವನ ಹೆಗಲಿನ ಹತ್ತಿರವೇ ನಿಂತಿರುತ್ತದೆ, ನಾಳೆ ಏನು ಅಂತ ಅದಕ್ಕೂ ಗೊತ್ತಿಲ್ಲದ ಹಾಗೆ. ನಿಮ್ಮ ಕಾದಂಬರಿಯಲ್ಲಿ ನೀವು ಅತ್ತ ಪುಟಕ್ಕಿಂತ ಹಿಂದಿನ ಹತ್ತು ಪುಟವನ್ನು ಮತ್ತೆ ಓದಿ. ರಾಜನಿಗೆ ತಾನು ಸೋಲುತ್ತೇನೆ ಅಂತ ಅಲ್ಲಿ ಗೊತ್ತಿದೆಯಾ? ಇಲ್ಲ ಅಂತಲೇ ನನ್ನ ಊಹೆ.

ಇನ್ನು ರಾಣಿಯ ಮಾತು. ಇಲ್ಲಿ ನಾನು ನಿಮ್ಮ ಅಭಿಪ್ರಾಯವನ್ನು ಸ್ವಲ್ಪ ತಿದ್ದಲು ಬಯಸುತ್ತೇನೆ. ಪಾತ್ರ ಇಂದಿನ ಸರಳ ಮಾತಾಡಿದರೆ ತಪ್ಪಿಲ್ಲ. ನಾಲ್ಕು ನೂರು ವರ್ಷ ಹಿಂದಿನ ಮಾತನ್ನು ಹಾಗೇ ಇಟ್ಟರೆ ನಮಗೆ ಅರ್ಥವೇ ಆಗುವುದಿಲ್ಲ. ಸಂಸ್ಕೃತ ಪದಗಳನ್ನು ಪೇರಿಸಿದರೆ ಹಳೆಯ ಕಾಲ ಬಂದುಬಿಡುತ್ತದೆ ಅನ್ನುವುದೂ ಸುಳ್ಳು. ಮಾಸ್ತಿಯವರು ತಿಳಿಯಾದ ಮಾತಿನಲ್ಲೇ ಅರಮನೆಯನ್ನು ನಡೆಸಿದರು. ತೊಂದರೆ ಬರುವುದು ಯೋಚನೆ ಇಂದಿನದಾದಾಗ. ಮದುವೆ, ದೇವರು, ಸಾವು, ರಾಜನ ಅಧಿಕಾರ ಇವುಗಳ ಬಗ್ಗೆ ರಾಣಿ ಇವತ್ತು ನಾವು ಮೆಚ್ಚುವ ಅಭಿಪ್ರಾಯಗಳನ್ನೇ ಹೊಂದಿದ್ದಾಳಾ? ಸುತ್ತಲಿನ ಯಾರಿಗೂ ಅದು ವಿಚಿತ್ರ ಅನಿಸುವುದಿಲ್ಲವಾ? ಹಾಗಿದ್ದರೆ ಅವಳಿಗೆ ಆ ಕಾಲದ ಬಟ್ಟೆ ತೊಡಿಸಿದ್ದಾರೆ, ಅಷ್ಟೇ. ನಿಮಗೆ ಮುಳ್ಳಿನ ಹಾಗೆ ಚುಚ್ಚಿದ್ದು ಪದಗಳಾ, ಯೋಚನೆಯಾ? ಎರಡನ್ನೂ ಬೇರೆ ಮಾಡಿ ಬರೆದರೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ಸಣ್ಣಪುಟ್ಟ ತಪ್ಪುಗಳನ್ನು ನಾನು ದೊಡ್ಡದು ಮಾಡುವುದಿಲ್ಲ. ಷೇಕ್ಸ್‌ಪಿಯರ್‌ನ 'ಜೂಲಿಯಸ್ ಸೀಸರ್'ನಲ್ಲಿ ಗಡಿಯಾರ ಗಂಟೆ ಹೊಡೆಯುತ್ತದೆ. ಸೀಸರನ ರೋಮಿನಲ್ಲಿ ಅಂಥ ಗಡಿಯಾರ ಇರಲಿಲ್ಲ. ನಾಟಕ ಅದರಿಂದ ಬಿದ್ದುಹೋಗಲಿಲ್ಲ. ಆದರೂ ಕಾಲವನ್ನು ಅಳೆಯುವ ರೀತಿ ಒಂದು ಒಳ್ಳೆಯ ಸುಳಿವು. ಹಳೆಯ ಕೋಟೆಯ ಕಾವಲುಗಾರ "ಐದು ನಿಮಿಷ" ಕಾಯುವುದಿಲ್ಲ, ಅವನ ದಿನ ನಡೆಯುವುದು ಗಳಿಗೆಯ ಲೆಕ್ಕದಲ್ಲಿ, ದಿನಕ್ಕೆ 60 ಗಳಿಗೆ, ಒಂದೊಂದೂ ನಮ್ಮ 24 ನಿಮಿಷ. ಇಂಥದ್ದನ್ನು ಸರಿಯಾಗಿ ಹಿಡಿದ ಲೇಖಕರು ಯೋಚನೆಯನ್ನೂ ಸರಿಯಾಗಿ ಹಿಡಿದಿರುವ ಸಾಧ್ಯತೆ ಜಾಸ್ತಿ.

ಅಭಿಪ್ರಾಯ ಬರೆಯುವುದು ಹೇಗೆ ಅಂತ ಕೇಳಿದಿರಿ. ಪುಟದ ಸಂಖ್ಯೆಯಿಂದ ಶುರು ಮಾಡಿ. ಎಲ್ಲಿ ಮನಸ್ಸು ಪುಸ್ತಕದಿಂದ ಹೊರಗೆ ಬಂತು, ಎಲ್ಲಿ ಪೂರ್ತಿ ಮುಳುಗಿತು, ಓದುವಾಗಲೇ ಪೆನ್ಸಿಲಿನಲ್ಲಿ ಗುರುತು ಹಾಕಿ. ಮುಗಿದ ಮೇಲೆ ಆ ಪುಟಗಳಿಗೆ ಹಿಂತಿರುಗಿ ಅಲ್ಲಿ ಯಾರಿಗೆ ಏನು ಗೊತ್ತಿತ್ತು ಅಂತ ನೋಡಿ. 'ಚೆನ್ನಾಗಿದೆ', 'ಬೋರು' ಅನ್ನುವ ಪದಗಳು ತಾವಾಗಿಯೇ ಉದುರಿಹೋಗುತ್ತವೆ, ಅವುಗಳ ಜಾಗಕ್ಕೆ ಕಾರಣ ಬಂದು ಕೂರುತ್ತದೆ. ಹಿಡಿಸದೆ ಹೋದದ್ದಕ್ಕೆ ಕಾರಣ ಪುಸ್ತಕದಲ್ಲಿ ಸಿಗದಿದ್ದರೆ ಅದನ್ನೂ ನೇರವಾಗಿ ಹೇಳಿ: ಇದು ನನ್ನ ರುಚಿ, ಪುಸ್ತಕದ ತಪ್ಪಲ್ಲ. ರಾಜವಂಶಗಳ ವಿವರವನ್ನೇ ಪ್ರೀತಿಸುವ ಓದುಗರಿದ್ದಾರೆ, ಅವರಿಗೂ ನಿಮ್ಮ ಬರಹ ಉಪಯೋಗಕ್ಕೆ ಬರಬೇಕು.

ಮುಂದೆ ಏನು ಓದಲಿ ಅಂತ ನೀವು ಕೇಳಿಲ್ಲ. ಆದರೂ ಒಂದು ಪುಸ್ತಕ ಹೇಳದೆ ಇರಲಾರೆ, ಜೋಸೆಫಿನ್ ಟೇ ಅವರ 1951ರ 'ದಿ ಡಾಟರ್ ಆಫ್ ಟೈಮ್'. ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿರುವ ಪೊಲೀಸ್ ಅಧಿಕಾರಿ ಒಂದು ಹಳೆಯ ಆರೋಪದ ತನಿಖೆಗೆ ಇಳಿಯುತ್ತಾನೆ. ಇಂಗ್ಲೆಂಡಿನ ಮೂರನೇ ರಿಚರ್ಡ್ ತನ್ನ ಅಣ್ಣನ ಇಬ್ಬರು ಮಕ್ಕಳನ್ನು ಕೊಲ್ಲಿಸಿದನಾ ಅನ್ನುವುದು ಅವನ ಪ್ರಶ್ನೆ. ಎಲ್ಲರಿಗೂ 'ಗೊತ್ತಿರುವ' ವಿಷಯವನ್ನು ಅವನು ಹಾಸಿಗೆಯಿಂದ ಏಳದೆ ಅಲುಗಾಡಿಸುತ್ತಾನೆ. ಪತ್ತೇದಾರಿಯಲ್ಲಿ ಸಿಟ್ಟಾಗಿ, ಐತಿಹಾಸಿಕದಲ್ಲಿ ಅತ್ತ ನಿಮಗೆ ಇದು ಖಂಡಿತ ಹಿಡಿಸುತ್ತದೆ. ಇದರಲ್ಲಿ ಯಾವ ಪತ್ರವನ್ನೂ ಜೇಬಿಗೆ ಹಾಕಿಕೊಳ್ಳುವುದಿಲ್ಲ.

ಕೊನೆಯದಾಗಿ ಫ್ಯಾಂಟಸಿಯ ಎರಡನೇ ಭಾಗ. ಪೂರ್ತಿ ಓದುತ್ತೇನೆ ಅಂತ ಹಟ ಹಿಡಿಯಬೇಡಿ. ಮುದುಕಿ ಮೊದಲು ಕಾಣಿಸಿಕೊಳ್ಳುವ ಅಧ್ಯಾಯದವರೆಗೆ ಓದಿ. ಮೊದಲ ಭಾಗದಲ್ಲಿ ಅವಳು ಕಳೆದುಕೊಂಡ ನೆನಪುಗಳು ಅಲ್ಲಿ ಇನ್ನೂ ಕಳೆದೇ ಇದ್ದರೆ, ಅವಳು ಗುರುತಿಸಬೇಕಾದ ಒಬ್ಬರನ್ನು ಗುರುತಿಸದೆ ಹೋದರೆ, ಮುಂದುವರಿಸಿ. ಏನೂ ಆಗದವಳ ಹಾಗೆ ಎಲ್ಲವೂ ಅವಳಿಗೆ ನೆನಪಿದ್ದರೆ ಪುಸ್ತಕವನ್ನು ಅಲ್ಲೇ ಮುಚ್ಚಿಡಿ.